ಔರಾದ ಸೀಮೆಯ ಬಿಪಿ ಪುಸ್ತಕ

ಹೊರಡುವ ಮೊದಲು

ನಾನು ಹೋಗಬೇಕಾಗಿದ್ದದ್ದು ಉಗಾಂಡಕ್ಕೆ. ಸೂಟ್‌ಕೇಸು ತುಂಬಿಯಾಗಿತ್ತು, ಹಳದಿ ಜ್ವರದ ಸೂಜಿ ಚುಚ್ಚಿಸಿಕೊಂಡಾಗಿತ್ತು, ಕೋಡುಬಳೆ ಕರಿದು ಡಬ್ಬಿಗೆ ತುಂಬಿಯೂ ಆಗಿತ್ತು. ನನ್ನ ನಾದಿನಿಯ ದಯದಿಂದ ಮೈಸೂರಿನ ನಮ್ಮ ಬೀದಿಯಲ್ಲಿ ಹಾಲಿನವನಿಗೂ ವಿಷಯ ಗೊತ್ತಾಗಿತ್ತು. ವೀಸಾ ಒಂದು ಮಾತ್ರ ಬರಲಿಲ್ಲ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಈಗ ಒಂದು ಸಣ್ಣ ಸಂಸ್ಥೆಗೆ ಲೆಕ್ಕ ನೋಡಿಕೊಡುತ್ತೇನೆ. ಹಣದ್ದಲ್ಲ, ಜನರದ್ದು. ಬಡ ದೇಶಗಳಲ್ಲಿ ಮನಸ್ಸಿನ ಕಾಯಿಲೆಗೆಂದೇ ಊರೂರಿಗೆ ಆಸ್ಪತ್ರೆ ಕಟ್ಟಲಾಗುವುದಿಲ್ಲ. ಆದ್ದರಿಂದ ಜ್ವರ, ಕೆಮ್ಮು, ಬಸಿರು, ಬಾಣಂತನ ನೋಡುವ ಸಣ್ಣ ಆಸ್ಪತ್ರೆಯಲ್ಲೇ ಮನಸ್ಸಿಗೂ ಮದ್ದು ಕೊಡಿ ಎನ್ನುವುದು ಯೋಜನೆ. ಕೊಡುತ್ತಿದ್ದಾರೆಯೇ, ಜನ ಬರುತ್ತಿದ್ದಾರೆಯೇ, ಬಂದವರು ಮುಂದಿನ ತಿಂಗಳೂ ಬಂದರೇ ಎಂದು ಪುಸ್ತಕ ತಿರುವಿ ನೋಡುವುದು ನನ್ನ ಪಾಲಿನ ಕೆಲಸ.

"ಉಗಾಂಡ ಆಮೇಲೆ ನೋಡೋಣ. ಈಗ ಬೀದರಿಗೆ ಹೋಗಿಬನ್ನಿ, ಅಲ್ಲಿಯೂ ಅದೇ ಕೆಲಸ, ಅದೇ ಫಾರಂ" ಎಂದರು ಸಂಸ್ಥೆಯವರು. ನಾದಿನಿಗೆ ಸಿಟ್ಟು ಬಂತು. "ಹೊರದೇಶ ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೀನಲ್ಲ, ಈಗ ಏನು ಹೇಳಲಿ?" ಎಂದಳು. "ಹೊರದೇಶವೇ ಅಂತ ಹೇಳು. ಇಷ್ಟು ಹೊತ್ತು ರೈಲಿನಲ್ಲಿ ಕೂತರೆ ಅದು ಹೊರದೇಶವೇ" ಎಂದೆ.

ಬೀದರ್

ನನ್ನನ್ನು ಕರೆದೊಯ್ಯಲು ಸ್ಟೇಷನ್ನಿಗೆ ಬಂದವರು ನಯೀಂ. ಜಿಲ್ಲೆಯ ಮಾನಸಿಕ ಆರೋಗ್ಯ ತಂಡದಲ್ಲಿ ಆಪ್ತಸಮಾಲೋಚಕರು, ಅಂದರೆ ಬಂದವರ ಮಾತನ್ನು ಕೂತು ಕೇಳುವುದೇ ಅವರ ಉದ್ಯೋಗ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತನೆಯ ದನಿ. ಮನೆಯಲ್ಲಿ ದಖನಿ ಉರ್ದು, ಕೆಲಸದಲ್ಲಿ ಕನ್ನಡ, ಗಡಿಯ ಊರುಗಳಿಗೆ ಹೋದರೆ ಮರಾಠಿ. ನಾನು ಎರಡು ಭಾಷೆಯಲ್ಲಿ ಜಗಳ ಆಡಬಲ್ಲೆ ಎಂದು ಹೆಮ್ಮೆಪಡುತ್ತಿದ್ದವಳು, ಈ ಮನುಷ್ಯ ಮೂರು ಭಾಷೆಯಲ್ಲಿ ಸಮಾಧಾನ ಹೇಳುತ್ತಾರೆ.

"ಸಫರ್ ಹ್ಯಾಂಗಾತ್ರಿ ಮೇಡಂ?"

"ಚೆನ್ನಾಗಿತ್ತು. ಮೊದಲು ಒಂದು ಕಾಫಿ ಸಿಗುತ್ತಾ?"

ನಯೀಂ ಮುಖ ಸಣ್ಣದಾಯಿತು. ಮೂರು ಹೋಟೆಲು ಅಲೆದೆವು. ಎಲ್ಲ ಕಡೆ ಚಹಾ. ನಾಲ್ಕನೆಯ ಹೋಟೆಲಿನ ಯಜಮಾನರು ಅತಿಥಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ಪಕ್ಕದ ಅಂಗಡಿಯಿಂದ ಕಾಫಿಪುಡಿಯ ಪೊಟ್ಟಣ ತರಿಸಿ, ಕುದಿಯುತ್ತಿದ್ದ ಚಹಾಕ್ಕೇ ಅದನ್ನು ಸುರಿದು ಕೊಟ್ಟರು. "ನಿಮ್ಮ ಸಲುವಾಗಿ ಸ್ಪೆಷಲ್ ಮಾಡೀನ್ರಿ" ಎಂದು ಎದುರಿಗೇ ನಿಂತರು. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಚೆಲ್ಲುವುದು ಹೇಗೆ? ಪೂರ್ತಿ ಕುಡಿದೆ. ಆ ಕ್ಷಣದಿಂದ ಬೀದರ್ ಬಿಡುವವರೆಗೆ ಕಾಫಿಯ ಹೆಸರು ಎತ್ತಲಿಲ್ಲ.

ಜಿಲ್ಲಾ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರ ಕೋಣೆಯ ಮುಂದೆ ಉದ್ದನೆಯ ಬೆಂಚು. ನಮ್ಮೂರಿನಲ್ಲಿ ಇಂಥ ಬೆಂಚಿನ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಪರಿಚಯದವರು ಕಂಡರೆ, ಯಾರನ್ನೋ ಬಿಡಲು ಬಂದೆ ಅನ್ನುತ್ತಾರೆ. ಇಲ್ಲಿ ಬೆಂಚು ಗಿಜಿಗಿಜಿ ಮಾತಾಡುತ್ತಿತ್ತು. ಯಾರಿಗೆ ನಿದ್ದೆ ಇಲ್ಲ, ಯಾರ ಮಗ ಒಬ್ಬನೇ ಮಾತಾಡುತ್ತಾನೆ, ಯಾವ ಗುಳಿಗೆಗೆ ಬಾಯಿ ಒಣಗುತ್ತದೆ, ಎಲ್ಲ ಬಹಿರಂಗ. ನನ್ನ ಪಕ್ಕದ ಹೆಂಗಸು ನನ್ನತ್ತ ತಿರುಗಿ ಕೇಳಿದಳು.

"ನಿಮಗೇನಾಗ್ಯಾದ್ರಿ ಅಕ್ಕಾರ?"

"ಏನೂ ಆಗಿಲ್ಲಮ್ಮ, ಸುಮ್ಮನೆ ನೋಡೋಕೆ ಬಂದೆ."

"ಮೊದಲ ಎಲ್ಲಾರೂ ಹಂಗೇ ಅಂತಾರ್ರಿ" ಎಂದು ನನ್ನ ಬೆನ್ನು ಸವರಿ, ಸೆರಗಿನ ಗಂಟಿನಿಂದ ಒಂದು ಬಿಸ್ಕೀಟು ತೆಗೆದು ಕೊಟ್ಟಳು. ಊರಿನಲ್ಲೂ ಹೀಗೇ ಮಾತಾಡುತ್ತೀರಾ ಎಂದು ಕೇಳಿದೆ. ಅವಳು ನಕ್ಕಳು. "ಇಲ್ಲಿ ನಮ್ಮ ಮಂದಿ ಯಾರಿಲ್ರಿ, ಅದಕ್ಕ ಬಾಯಿ ಬಿಡ್ತೇವಿ. ಊರಾಗ ಹಿಂಗ ಅನ್ಲಾಕ ಬರ್ತದೇನ್ರಿ?"

ಬೀದರಿನ ಕೋಟೆ ನೋಡಿದಿರಾ ಎಂದು ಆಮೇಲೆ ಎಲ್ಲರೂ ಕೇಳಿದರು. ನೋಡಲಿಲ್ಲ. ಆ ಬೆಂಚು ಬಿಟ್ಟು ಏಳಲು ಮನಸ್ಸಾಗಲಿಲ್ಲ.

ಭಾಲ್ಕಿ

ಭಾಲ್ಕಿಯಲ್ಲಿ ನನ್ನ ಫಾರಂ ಸೋತಿತು.

ಅದರಲ್ಲೊಂದು ಪ್ರಶ್ನೆ: ಕಳೆದ ಎರಡು ವಾರದಲ್ಲಿ ಮನಸ್ಸಿಗೆ ಬೇಸರ ಎಷ್ಟು ದಿನ ಇತ್ತು? ಉತ್ತರಕ್ಕೆ ನಾಲ್ಕು ಚೌಕ. ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ದಿನಾಲೂ. ಹಲಬರ್ಗಾದಿಂದ ಬಂದಿದ್ದ ಒಬ್ಬ ಕುರಿಗಾರ ಅಜ್ಜನಿಗೆ ನಯೀಂ ಇದನ್ನು ಓದಿ ಹೇಳಿದರು.

"ಕುರಿ ಹಿಂದ ತಿರುಗಾಗ ಇರಂಗಿಲ್ರಿ. ಕುಂತಾಗ ಬರ್ತದ" ಎಂದ ಅಜ್ಜ.

ಅದಕ್ಕೆ ಚೌಕ ಇರಲಿಲ್ಲ. ನಾನು ನಡುವೆ ಬಾಯಿ ಹಾಕಿದೆ. "ಹಾಗಾದರೆ ಎರಡು ವಾರದಲ್ಲಿ ಎಷ್ಟು ದಿನ ಕೂತಿರಿ ಅಜ್ಜಾ?"

ಅಜ್ಜ ನನ್ನನ್ನು ಕರುಣೆಯಿಂದ ನೋಡಿದ. "ಕುರಿ ಇದ್ದಾಂವ ಯಾವಾಗ ಕೂಡ್ತಾನವ್ವಾ?"

ಲೆಕ್ಕದ ಪ್ರಕಾರ ಅಜ್ಜನಿಗೆ ಬೇಸರವೇ ಇಲ್ಲ ಎಂದಾಯಿತು. ಎದುರಿಗೆ ಕೂತ ಮುಖ ನೋಡಿದರೆ ಕುರುಡರಿಗೂ ಬೇಸರ ಕಾಣುತ್ತಿತ್ತು. ನಯೀಂ ಫಾರಂ ಬದಿಗಿಟ್ಟು, ಕುರಿಗಳ ಹೆಸರು ಏನೇನು ಎಂದು ಕೇಳುತ್ತ ಕೂತರು. ಅಜ್ಜ ಒಂದೊಂದೇ ಹೇಳುತ್ತ ಹೋದ, ತೀರಿಹೋದ ಹೆಂಡತಿ ಇಟ್ಟ ಹೆಸರು ಬಂದ ಕಡೆ ನಿಂತ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳುವುದು ಹೇಗೆಂದು ಕಲಿಸಿದ ನಾನು ಮೂಲೆಯಲ್ಲಿ ಕೂತು ಕಲಿತೆ.

ಔರಾದ ದಾಟಿ

ಮೂರನೆಯ ದಿನ ಔರಾದ ಕಡೆಗೆ. ಎರಡೂ ಬದಿಗೆ ತೊಗರಿ, ಸೋಯಾ, ನಡುವೆ ಎಲ್ಲೋ ಒಂದು ಜೋಳದ ಹೊಲ. ಠಾಣಾ ಕುಶನೂರಿನ ಬಸ್ಸು ನಮ್ಮ ಜೀಪನ್ನು ಎರಡು ಸಲ ಹಿಂದೆ ಹಾಕಿತು. ದಾರಿಯುದ್ದಕ್ಕೂ ಮಾತಾಡುವ ನಯೀಂ ಅಂದು ಸುಮ್ಮನಿದ್ದರು. ನಾವು ಹೋಗಿದ್ದ ಊರಿನ ಹೆಸರನ್ನು ನಾನು ಹೇಳುವುದಿಲ್ಲ, ಅಲ್ಲಿಯ ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಯಾಕೆಂದು ಓದುತ್ತ ನಿಮಗೇ ತಿಳಿಯುತ್ತದೆ.

ಅಂದು ಸಂತೆ. ಸಣ್ಣ ಆಸ್ಪತ್ರೆಯ ಮುಂದೆ ಬಿಪಿ, ಸಕ್ಕರೆ ಕಾಯಿಲೆಯವರ ಸಾಲು ಬೇವಿನ ಮರದವರೆಗೆ ಬೆಳೆದಿತ್ತು. ಒಳಗೆ ಮಹಾದೇವಿ ಸಿಸ್ಟರ್, ಐವತ್ತರ ಗಟ್ಟಿ ಹೆಂಗಸು, ಒಂದು ಕೈಯಲ್ಲಿ ಬಿಪಿ ಪಟ್ಟಿ ಬಿಗಿಯುತ್ತ ಇನ್ನೊಂದು ಕೈಯಲ್ಲಿ ಬರೆಯುತ್ತ ಇದ್ದರು. ಮನಸ್ಸಿನ ಕಾಯಿಲೆಯ ಪುಸ್ತಕ ಕೇಳಿದೆ. ಕೊಟ್ಟರು. ಹೊಸ ಪುಸ್ತಕದ ವಾಸನೆ ಇನ್ನೂ ಹೋಗಿರಲಿಲ್ಲ. ಒಂದೇ ಒಂದು ಹೆಸರಿಲ್ಲ.

"ಯಾರೂ ಬರೋದಿಲ್ವಾ ಸಿಸ್ಟರ್?"

"ಇಲ್ರಿ ಮೇಡಂ. ನಮ್ಮೂರ ಮಂದಿ ಭಾಳ ಆರಾಮ ಅದಾರ್ರಿ."

ಇಲ್ಲಿ ಒಂದು ನಿಯಮ ಹೇಳಬೇಕು. ಆರು ತಿಂಗಳಿಗೊಂದು ವರದಿ. ಸತತ ಮೂರು ವರದಿಯಲ್ಲಿ ಸೊನ್ನೆ ಬಂದರೆ ಆ ಊರಿಗೆ ತಿಂಗಳಿಗೊಮ್ಮೆ ಬರುವ ಮನೋವೈದ್ಯರನ್ನೂ ಮಾತ್ರೆಯನ್ನೂ ಬೇರೆ ಊರಿಗೆ ಕಳಿಸುತ್ತಾರೆ. ಈ ಊರಿನದು ಎರಡು ಸೊನ್ನೆ ಆಗಿತ್ತು. ಮೂರನೆಯದು ನನ್ನ ಕೈಯಲ್ಲಿತ್ತು.

ಸೊನ್ನೆ ಬರೆಯುವ ಮೊದಲು, ಹಳೆಯ ಚಾಳಿ, ಪಕ್ಕದ ಪುಸ್ತಕವನ್ನೂ ನೋಡಿದೆ. ಅದು ಬಿಪಿ ಪುಸ್ತಕ. ವಯಸ್ಸಿನ ಕಲಂ ಮೇಲೆ ಬೆರಳಾಡಿಸಿದೆ. ಅರವತ್ತೆಂಟು, ಎಪ್ಪತ್ತು, ಇಪ್ಪತ್ತೇಳು, ಅರವತ್ತು, ಹತ್ತೊಂಬತ್ತು, ಇಪ್ಪತ್ತೆರಡು.

"ಇಪ್ಪತ್ತೆರಡಕ್ಕೆ ಬಿಪಿಯಾ?"

"ನಮ್ಮ ಕಡಿ ಲಗೂನೇ ಬರ್ತದ್ರಿ. ಖಾರ ಭಾಳ ತಿಂತಾರ."

"ಹತ್ತೊಂಬತ್ತಕ್ಕೆ?"

ಸಿಸ್ಟರ್ ಬಿಪಿ ಪಟ್ಟಿ ಕೆಳಗಿಟ್ಟರು. ನಯೀಂ ಎದ್ದು ಬಾಗಿಲಿನ ಪರದೆ ಎಳೆದರು. "ಹೇಳ್ರಿ ಸಿಸ್ಟರ್" ಎಂದರು. ಇವರಿಗೂ ಗೊತ್ತಿತ್ತು ಅನ್ನಿ.

"ಇದಕ್ಕ ಮೊದಲ ಒಂದು ಹಳೇ ಬುಕ್ಕ ಇತ್ತಲ್ರಿ, ಅದರಾಗೇ ಬರೀತಿದ್ನಿ" ಎಂದರು ಸಿಸ್ಟರ್. "ಇಲ್ಲಿ ಬಂದವ್ರೆಲ್ಲಾ ತಮ್ಮ ಹೆಸರು ಎಲ್ಲದ ಅಂತ ತಾವೇ ಹಾಳಿ ತಿರುವಿ ನೋಡ್ತಾರ. ಬ್ಯಾಡಂದ್ರ ಕೇಳಂಗಿಲ್ಲ. ಒಂದಿನ ಯಾರೋ ಹಿಂಗೇ ತಿರುವಿದ್ರು, ಒಬ್ಬ ಹುಡುಗನ ಹೆಸರ ಕಂಡ್ರು. ಸಂಜಿ ಅನ್ನೂದ್ರಾಗ ಊರಿಗೆಲ್ಲ ಗೊತ್ತಾತು, ಅವನ ಲಗ್ನ ಮುರೀತು. ಮರುದಿನದಿಂದ ಒಬ್ಬರೂ ಈ ಕಡಿ ಹಾಯಲಿಲ್ರಿ, ಗುಳಗಿ ಬಿಟ್ಟ ಕೂತ್ರು. ಅದಕ್ಕೇ ನಾ ಹೇಳಿನಿ, ಬಿಪಿ ಸಾಲಾಗ ಬಂದು ನಿಲ್ರಿ ಅಂತ. ಬಿಪಿಗಿ ಯಾರರೇ ನಾಚತಾರೇನ್ರಿ?"

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನನ್ನ ತಂಗಿಯ ನೆನಪು. ಅವಳು ಹತ್ತು ವರ್ಷ ಮನಸ್ಸಿಗೆಂದು ಮಾತ್ರೆ ತೆಗೆದುಕೊಂಡಳು. ನಮ್ಮ ಮನೆಯಲ್ಲಿ ಅದಕ್ಕೆ ತಲೆನೋವಿನ ಮಾತ್ರೆ ಎಂದೇ ಹೆಸರು. ಓದಿದವರು, ಮೈಸೂರಿನವರು, ಪುಸ್ತಕದ ಕಪಾಟು ಇದ್ದವರು ನಾವು ಮಾಡಿದ್ದನ್ನೇ ಈ ಸಿಸ್ಟರ್ ಇಡೀ ಊರಿಗೆ ಮಾಡಿದ್ದರು.

ಆದರೆ ನಿಯಮ ನಿಯಮವೇ. ಮನಸ್ಸಿನ ಕಾಯಿಲೆಯ ಪುಸ್ತಕದಲ್ಲಿ ಹೆಸರು, ಸಹಿ ಇಲ್ಲದವರನ್ನು ನಾನು ಎಣಿಸುವಂತಿಲ್ಲ. ಹೆಸರಿನ ಬದಲು ನಂಬರ್ ಹಾಕೋಣವೇ ಎಂದೆ. ಮೇಲಿನವರು ಹೆಸರಿಲ್ಲದೆ ಒಪ್ಪುವುದಿಲ್ಲ ಎಂದರು ನಯೀಂ. "ಒಪ್ಪಿದ್ರೂ, ಯಾವ ನಂಬರ ಯಾರದಂತ ಊರ ಮಂದಿ ಎರಡ ದಿನದಾಗ ಹುಡಕ್ತಾರ್ರಿ ಮೇಡಂ."

"ಒಂದೇ ಒಂದು ಹೆಸರಿದ್ದರೂ ಸಾಕು. ಸೊನ್ನೆ ಆಗಬಾರದು, ಅಷ್ಟೆ. ಇಲ್ಲದಿದ್ದರೆ ಡಾಕ್ಟರು ಬರೋದು ನಿಲ್ಲುತ್ತೆ" ಎಂದೆ. ಪಾಠ ಹೇಳಿ ಹೇಳಿ ನನ್ನ ದನಿ ದೊಡ್ಡದು. ಬಾಗಿಲಿಗೆ ಇದ್ದದ್ದು ಬರೀ ಪರದೆ, ಆಚೆಗೆ ಸಾಲಿತ್ತು ಎನ್ನುವುದು ಹೇಳಿ ಮುಗಿದ ಮೇಲೆ ನೆನಪಾಯಿತು.

ಊಟ

ಈ ಸೀಮೆಯಲ್ಲಿ ಮಧ್ಯಾಹ್ನ ಅಪರಿಚಿತರು ಕಂಡರೆ ಊಟಕ್ಕೆ ಎಳೆದುಕೊಂಡು ಹೋಗುತ್ತಾರೆ. ನನ್ನನ್ನೂ ಸಿಸ್ಟರನ್ನೂ ಎಳೆದುಕೊಂಡು ಹೋದವರು ಕಾಶಮ್ಮ, ಬಿಪಿ ಸಾಲಿನಲ್ಲಿ ಸೊಸೆಯ ಜೊತೆ ನಿಂತಿದ್ದವರು. ನಯೀಂ ತಮ್ಮ ಡಬ್ಬಿ ತೆರೆದು ಅಲ್ಲೇ ಉಳಿದರು. ಮನೆ ಹತ್ತಿರವೇ. ಸೊಸೆ ಅನಿತಾ ರೊಟ್ಟಿ ಬಡಿಯಲು ಕೂತಳು. ತೊಟ್ಟಿಲಲ್ಲಿ ಒಂದೂವರೆ ವರ್ಷದ ಮಗು ಕಾಲು ಮೇಲೆ ಮಾಡಿ ಮಲಗಿತ್ತು.

ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿಯ ಖಾರದ ಚಟ್ನಿಪುಡಿ. ನಮ್ಮ ಕಡೆಯ ಅಕ್ಕಿರೊಟ್ಟಿಯ ಅಭಿಮಾನವನ್ನೆಲ್ಲ ಆ ಹಿಂಡಿಯ ಮುಂದೆ ಕೆಳಗಿಟ್ಟೆ. ಎಲ್ಲರೂ ಒಟ್ಟಿಗೆ ಕೂತೆವು. ಅಷ್ಟರಲ್ಲಿ ಪಕ್ಕದ ಮನೆಯ ಶಾಂತಾಬಾಯಿ ಒಂದು ಸಣ್ಣ ಪಾತ್ರೆ ಹಿಡಿದು ಬಂದರು. ಹುಟ್ಟಿದ್ದು ಕಮಲನಗರದಲ್ಲಿ, ಬಾಯಿ ಅಂದರೆ ಡಂಗುರ ಎಂದು ಸಿಸ್ಟರ್ ಕಿವಿಯಲ್ಲಿ ಹೇಳಿದರು. ಕಾಶಮ್ಮನ ಮಗಳಿಗೆ ಕಮಲನಗರದ ಗಂಡು ನೋಡಿದ್ದೂ ಇವರೇ.

"ಅನಿತಾಗ ಸಪ್ಪನ ಸಾರ ತಂದೀನಿ" ಎಂದು ಶಾಂತಾಬಾಯಿ ಅವಳ ತಟ್ಟೆಗೆ ಸುರಿದರು. ಸಪ್ಪನ ಎಂದರೆ ಉಪ್ಪಿಲ್ಲದ್ದು. ನೋಡಿದರೆ ಆ ಹುಡುಗಿಯ ತಟ್ಟೆಯಲ್ಲಿ ಎಲ್ಲವೂ ಬೇರೆ. ರೊಟ್ಟಿ, ಪಲ್ಯ ಬೇರೆ, ಹಿಂಡಿ ಇಲ್ಲವೇ ಇಲ್ಲ. ಪಾಪ, ಮರೆತಿದ್ದಾರೆಂದು ನಾನು ಒಂದು ಚಮಚ ಹಿಂಡಿ ಅವಳ ರೊಟ್ಟಿಯ ಮೇಲೆ ಹಾಕಿದೆ.

"ಅಯ್ಯಯ್ಯ, ಏನ ಮಾಡ್ತೀರಿ!" ಶಾಂತಾಬಾಯಿ ಆ ರೊಟ್ಟಿಯನ್ನೇ ಎತ್ತಿಕೊಂಡರು. "ಬಿಪಿ ಅದರಿ ಆಕಿಗಿ! ಉಪ್ಪು ಮುಟ್ಟಂಗಿಲ್ಲ. ವರ್ಷಾತು, ಈ ಓಣ್ಯಾಗ ಯಾರ ಮನ್ಯಾಗ ಏನ ಮಾಡಿದ್ರೂ ಆಕಿಗಂತ ಸಪ್ಪನ್ನದು ತಗದಿಟ್ಟೇ ಉಪ್ಪ ಹಾಕ್ತೇವ್ರಿ. ಲಗ್ನದಾಗೂ ಆಕಿಗಿ ಬ್ಯಾರೆ."

ಇಪ್ಪತ್ತೆರಡು ವಯಸ್ಸು. ಬೆಳಿಗ್ಗೆ ಬೆರಳು ನಿಂತಿದ್ದ ಕಲಂ ನನ್ನ ಎದುರಿಗೇ ಕೂತಿತ್ತು. ಆ ಸಾಲಿನವಳ ಕಥೆಯನ್ನು ಸಿಸ್ಟರ್ ಆಗಲೇ ಹೇಳಿದ್ದರು: ಹೆರಿಗೆಯ ನಂತರ ಮಂಕು ಹಿಡಿದು, ಮಗು ಅತ್ತರೂ ಎತ್ತಿಕೊಳ್ಳಲಾಗದೆ ಗೋಡೆಗೆ ಮುಖ ಮಾಡಿ ಮಲಗಿದ್ದ ಹುಡುಗಿ. ಮಾತ್ರೆಯಿಂದ ಎದ್ದು ಕೂತಳು, ನಕ್ಕಳು, ರೊಟ್ಟಿ ಬಡಿದಳು. ಅತ್ತೆ ಊರಿಗೆ ಬಿಪಿ ಎಂದು ಹೇಳಿದ್ದಕ್ಕೆ ಇಡೀ ಓಣಿ ಪ್ರೀತಿಯಿಂದ ಸೇರಿ ಅವಳ ಬಾಯಿಯ ರುಚಿ ಕಿತ್ತುಕೊಂಡಿತ್ತು. ಹುಳಿ ಪುಂಡಿ ಪಲ್ಯವನ್ನು ಉಪ್ಪಿಲ್ಲದೆ ಒಂದು ವರ್ಷ ತಿನ್ನುವುದೆಂದರೆ ಏನು! ನನ್ನ ಬಾಯಿಂದ "ಅಲ್ಲಾ, ಅವಳಿಗೆ..." ಎಂದು ಹೊರಟೇಬಿಟ್ಟಿತ್ತು. ಸಿಸ್ಟರ್ ನನ್ನ ಕಾಲು ತುಳಿದರು.

ಅನಿತಾ ಉಣ್ಣುವ ಕೈಯನ್ನು ಒರೆಸಿಕೊಂಡಳು. ನನ್ನ ಕಡೆ ನೋಡಿ ಕೇಳಿದಳು. "ಹೆಸರ ಇಲ್ಲಂದ್ರ ಡಾಕ್ಟರ್ ಬರಾದು ನಿಲ್ತದ ಅಂದ್ರಿ. ಖರೇ ಏನ್ರಿ?"

"ಖರೇನಮ್ಮ" ಎಂದೆ. ಬೇರೆ ಏನು ಹೇಳಲಿ?

"ಅನಿತಾ, ಸುಮ್ಮ ಉಣ್ಣು" ಎಂದರು ಕಾಶಮ್ಮ. ದನಿಯಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆ ಇತ್ತು. ಒಳಗೆ ಮದುವೆಗೆ ನಿಂತ ಮಗಳಿದ್ದಳು, ಎದುರಿಗೆ ಕಮಲನಗರ ಕೂತಿತ್ತು.

"ಇಲ್ಲ ಅತ್ತಿ. ಗುಳಗಿ ನಿಂತ್ರ ನಾ ಮತ್ತ ಗ್ವಾಡಿ ನೋಡ್ಕೋತ ಮಲಗ್ತೇನಿ. ಆಗ ಕೂಸಿಗಿ ಯಾರು?" ಎಂದು ಹೇಳಿ, ಶಾಂತಾಬಾಯಿಯ ಕಡೆ ತಿರುಗಿದಳು. "ಕಾಕಿ, ನಂಗ ಬಿಪಿ ಇಲ್ಲ. ಬಾಣಂತನದಾಗ ಮನಸು ಕೆಟ್ಟಿತ್ತು. ಅದರ ಗುಳಗಿ ತಗೋತೇನಿ. ಈಗ ಆರಾಮಿದ್ದೇನಿ."

ಶಾಂತಾಬಾಯಿ ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದರು, ಅನಿತಾಳನ್ನು ನೋಡಿದರು. ರೊಟ್ಟಿಯನ್ನು ಅವಳ ತಟ್ಟೆಗೆ ವಾಪಸು ಹಾಕಿ, ತಮ್ಮ ಸಾರಿನ ಪಾತ್ರೆ ಎತ್ತಿಕೊಂಡು ಹೊರಟುಹೋದರು. ಕಾಶಮ್ಮ ಸೆರಗು ಬಾಯಿಗೆ ಒತ್ತಿ ಕೂತರು. ಆ ದೊಡ್ಡ ದನಿ ನನ್ನದಾಗಿರದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ.

ಮೊದಲ ಪುಟ

ಆಸ್ಪತ್ರೆಗೆ ವಾಪಸು ಬಂದೆವು, ಅನಿತಾ ಮಗುವನ್ನು ಎತ್ತಿಕೊಂಡು ಜೊತೆಗೆ ಬಂದಳು. ಕಾಶಮ್ಮ ಹಿಂದೆ ಹಿಂದೆ. ಬೇಡವಮ್ಮ, ಇನ್ನೊಮ್ಮೆ ಯೋಚಿಸು ಎಂದು ನಯೀಂ ಎರಡು ಸಲ ಹೇಳಿದರು. "ವಿಚಾರ ಮಾಡೀನ್ರಿ" ಎಂದಳು. ಸಿಸ್ಟರ್ ಹೊಸ ಪುಸ್ತಕ ಬಿಡಿಸಿದರು. ಮೊದಲ ಸಾಲಿನಲ್ಲಿ ಅವಳೇ ತನ್ನ ಹೆಸರು, ಗಂಡನ ಹೆಸರು ಬರೆದು ಸಹಿ ಮಾಡಿದಳು. ದುಂಡನೆಯ ಅಕ್ಷರ, ಶಾಲೆಯಲ್ಲಿ ಚೆನ್ನಾಗಿ ಓದಿದ ಹುಡುಗಿಯದು. ಬಿಪಿ ಸಾಲಿನವರು ಪರದೆಯ ಸಂದಿಯಿಂದ ನೋಡುತ್ತಿದ್ದರು. ಯಾರೂ ಮುಂದೆ ಬರಲಿಲ್ಲ.

ಆಗ ಸಾಲನ್ನು ಸೀಳಿಕೊಂಡು ಶಾಂತಾಬಾಯಿ ಒಳಗೆ ಬಂದರು. ಮೊದಲು ಕಾಶಮ್ಮನ ಪಾಳಿ.

"ಒಂದು ವರ್ಷ ನನ್ನ ಕೈಲೆ ಸಪ್ಪನ ಸಾರ ಮಾಡ್ಸಿದಿ! ಒಂದ ಮಾತು ಹೇಳಬಾರದಿತ್ತೇನ? ಆಕಿ ಬಾಯಿ ಸತ್ತೋಗ್ಯಾದ. ನಾನೇ ಸಾಯ್ಸೀನಿ." ಆ ದನಿ ಒಡೆಯಿತು. ಕಣ್ಣೊರೆಸಿಕೊಂಡು ಮೇಜಿನ ಕಡೆ ತಿರುಗಿದರು. "ಸಿಸ್ಟರ್, ಆ ಬುಕ್ಕಿನಾಗ ನಂದೂ ಬರೀರಿ."

"ನಿಮಗೇನಾಗ್ಯಾದ ಕಾಕಿ?"

"ನಂಗೇನಾಗ್ತದ? ಗುಂಡಕಲ್ಲಿನಂಗ ಇದ್ದೇನಿ."

"ಮತ್ತ? ಜಡ್ಡಿಲ್ಲದವ್ರನ್ನ ಇದರಾಗ ಬರೀಲಾಕ ಬರಂಗಿಲ್ಲ."

"ಬಿಪಿ ಇಲ್ಲದಾಕಿನ್ನ ವರ್ಷಪೂರ್ತಿ ಬಿಪಿ ಬುಕ್ಕಿನಾಗ ಬರೀಲಾಕ ಬಂತಿಲ್ಲೋ?"

ಶಾಂತಾಬಾಯಿ ಪುಸ್ತಕದ ಮೇಲೆ ಕೈಯಿಟ್ಟು, ಸಾಲಿನವರೆಲ್ಲರಿಗೂ ಕೇಳುವಂತೆ ಹೇಳಿದರು.

"ಇದರಾಗ ಒಂದೇ ಹೆಸರಿದ್ರ ಮಂದಿ ಆಕಿನ್ನೇ ನೋಡ್ತಾರ. ಎರಡಿದ್ರ ಯಾರನ್ನಂತ ನೋಡ್ತಾರ? ಕಮಲನಗರದವ್ರು ಕೇಳಿದ್ರ ನನ್ನ ಹೆಸರೂ ಅದ ಅಂತ ನಾನೇ ಹೇಳ್ತೇನಿ. ಬರೀರಿ."

ಸಿಸ್ಟರ್ ನನ್ನ ಮುಖ ನೋಡಿದರು, ನಯೀಂ ನನ್ನ ಮುಖ ನೋಡಿದರು. ಸುಳ್ಳು ದಾಖಲೆಗಿಂತ ದೊಡ್ಡ ಪಾಪವಿಲ್ಲ ಎಂದು ಮೂವತ್ತು ವರ್ಷ ಮಕ್ಕಳ ತಲೆ ತಿಂದವಳು ನಾನು. ನನ್ನ ವರದಿಯ ಫಾರಂ ತೆಗೆದು, ಸೊನ್ನೆ ಬರೆಯಬೇಕಿದ್ದ ಜಾಗದಲ್ಲಿ ಒಂದು ಎಂದು ಬರೆದೆ. ಅದು ಸತ್ಯ. ಅದನ್ನು ಮಡಚಿ ಚೀಲದಲ್ಲಿಟ್ಟೆ.

ಶಾಂತಾಬಾಯಿಗೆ ಸಹಿ ಬರುತ್ತಿರಲಿಲ್ಲ. ಎರಡನೆಯ ಸಾಲಿಗೆ ಹೆಬ್ಬೆಟ್ಟು ಒತ್ತುವಾಗ ಇಂಕಿನ ಪ್ಯಾಡನ್ನು ನಾನೇ ಹಿಡಿದುಕೊಂಡೆ.